ಕೆಂಪು ಬೆಳೆಯುವ ನೆಲಕ್ಕೆ ಬಟ್ಟೆಯ ಬಣ್ಣ ಉಣಿಸುವವರು ಯಾರು?

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬೆಲೆ ದಿಢೀರನೆ ಕುಸಿಯಿತು. ಸಾಲ ಮಾಡಿ ಬೆಳೆದು, ಲಾರಿ ಬಾಡಿಗೆ ಕೊಟ್ಟು ಚೀಲ ತಂದಿದ್ದ ರೈತರು ಕೆರಳಿದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ಬೆಂಕಿ ಬಿತ್ತು, ವಾಹನಗಳು ಉರಿದು ಕರಕಲಾದವು. ಅದೇ ದಿನ ಬೆಂಗಳೂರಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇನ್ನೊಂದು ಸುದ್ದಿ ಕೊಟ್ಟರು. ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಕೆಟ್ಟಿದ್ದವು. ಇನ್ನು ಮುಂದೆ ಇವಕ್ಕೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಸರ್ಕಾರ ಸಾರಿತು. ತಪ್ಪಿದರೆ ಏಳು ವರ್ಷ ಜೈಲು, 10 ಲಕ್ಷ ರೂಪಾಯಿ ದಂಡ ಎಂದೂ ಎಚ್ಚರಿಸಿತು.

ಗೋಬಿ ಗಾಡಿಯವನು ಬಣ್ಣ ಹಾಕಿದ್ದರಿಂದ ಬ್ಯಾಡಗಿಯ ಬೆಲೆ ಬಿತ್ತು ಎಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಯ ಏಟಿಗೆ ಅದರದೇ ಕಾರಣಗಳಿವೆ. ಆದರೂ ಈ ಎರಡು ಸುದ್ದಿಗಳನ್ನು ಜೊತೆಗಿಟ್ಟು ಓದದೆ ನಮಗೆ ಬೇರೆ ದಾರಿಯಿಲ್ಲ. ಜಗತ್ತಿಗೆ ಕೆಂಪು ಬಣ್ಣ ಕೊಡುವ ನೆಲದಲ್ಲಿ ಆ ಕೆಂಪನ್ನು ಕೇಳುವವರಿಲ್ಲದೆ ರೈತ ಬೀದಿಗೆ ಬಿದ್ದ. ಅದೇ ರಾಜ್ಯದ ಬೀದಿಯಲ್ಲಿ ಮಕ್ಕಳ ತಟ್ಟೆಗೆ ಬಟ್ಟೆಗೆ ಹಾಕುವ ಕೆಂಪು ಬೀಳುತ್ತಿತ್ತು. ಇದನ್ನು ನಾಚಿಕೆಗೇಡು ಎನ್ನದೆ ಇನ್ನೇನನ್ನಬೇಕು?

ಬ್ಯಾಡಗಿ ಮೆಣಸಿನಕಾಯಿ ಎಂದರೆ ಏನು ಎಂದು ನಮ್ಮ ಹಾವೇರಿ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕಡ್ಡಿ, ಡಬ್ಬಿ ಎಂಬ ಎರಡು ಬಗೆ. ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ, ಕಡು ಕೆಂಪು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸಾರ ಊಟಕ್ಕೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ನೈಸರ್ಗಿಕ ಬಣ್ಣ ಬೇಕೆಂದು ಹುಡುಕುವ ಕಂಪನಿಗಳು ಈ ಊರಿನ ಬಾಗಿಲಿಗೆ ಬರುತ್ತವೆ. ಘಾಟು ಕುಡಿದು, ಕೈ ಉರಿಸಿಕೊಂಡು, ಅಂಗಳದಲ್ಲಿ ಕುಳಿತು ತೊಟ್ಟು ಬಿಡಿಸುವ ನಮ್ಮ ಹೆಣ್ಣುಮಕ್ಕಳ ದುಡಿಮೆ ಅದರೊಳಗಿದೆ. ಆ ತಾಯಂದಿರು ಸಂಜೆ ಕೂಲಿ ತೆಗೆದುಕೊಂಡು ಮನೆಗೆ ಹೋಗುವಾಗ ಮಕ್ಕಳಿಗೆಂದು ಕಟ್ಟಿಸಿಕೊಂಡು ಹೋಗುವ ಗೋಬಿಯಲ್ಲಿ ಏನಿದೆ? ಆ ಪ್ರಶ್ನೆ ಕೇಳುವ ಹಕ್ಕು ಅವರಿಗಿಲ್ಲವೇ?

ಈ ಕೃತಕ ಬಣ್ಣಗಳಲ್ಲಿ ರೋಡಮೈನ್-ಬಿ ಬಟ್ಟೆಗೆ, ಕಾಗದಕ್ಕೆ ಹಾಕುವ ರಾಸಾಯನಿಕ. ಆಹಾರದಲ್ಲಿ ಅದಕ್ಕೆ ನಮ್ಮ ದೇಶದ ಕಾನೂನು ಜಾಗವನ್ನೇ ಕೊಟ್ಟಿಲ್ಲ. ಸನ್‌ಸೆಟ್ ಯೆಲ್ಲೋ, ಟಾರ್ಟ್ರಜಿನ್, ಕಾರ್ಮೋಯಿಸಿನ್ ಬೇರೆ ಬಗೆಯವು. ಕೆಲವೇ ತಿನಿಸುಗಳಲ್ಲಿ, ಅಳತೆ ಮೀರದಂತೆ ಇವನ್ನು ಬಳಸಬಹುದು, ಎಲ್ಲ ಕಡೆ ಸುರಿಯಲು ಅನುಮತಿಯಿಲ್ಲ. ಗಾಡಿಯ ಮುಂದೆ ನಿಂತವನ ಕಣ್ಣಿಗೆ ಇವುಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಬಣ್ಣದ ಡಬ್ಬಿ ಮಾರುವ ಅಂಗಡಿಯವನಿಗೆ ಗೊತ್ತು, ಆದರೆ ಅವನು ಹೇಳುವುದಿಲ್ಲ.

ಇದೇ ಜಿಲ್ಲೆಯ ರಾಣೆಬೆನ್ನೂರು ಬೀಜದ ಊರು. ಬೀಜೋಪಚಾರ ಮಾಡಿದ ಬೀಜಕ್ಕೆ ಗುಲಾಬಿಯೋ ನೀಲಿಯೋ ಬಣ್ಣ ಹಚ್ಚುವುದು ಯಾಕೆಂದು ಇಲ್ಲಿನ ರೈತರ ಮನೆಯ ಮಕ್ಕಳಿಗೂ ಗೊತ್ತು. ಇದರಲ್ಲಿ ಔಷಧವಿದೆ, ಬಾಯಿಗೆ ಹಾಕಬೇಡ ಎಂದು ಆ ಬಣ್ಣ ಕೂಗಿ ಹೇಳುತ್ತದೆ. ಹೊಲದಲ್ಲಿ ನಮ್ಮನ್ನು ಕಾಯುವ ಈ ತಿಳಿವಳಿಕೆ ಪೇಟೆಗೆ ಬರುವಷ್ಟರಲ್ಲಿ ಯಾಕೆ ಸತ್ತುಹೋಗುತ್ತದೆ? ಹೂಕೋಸು ಹುಟ್ಟುವಾಗ ಬಿಳಿ. ಬೆಂಕಿಗೆ ಬಿದ್ದರೆ ಕಂದು. ಅದು ಕಣ್ಣು ಕುಕ್ಕುವ ಕೆಂಪಾಗಿ ತಟ್ಟೆಗೆ ಬಂದರೆ, ತಿಂದ ಮೇಲೆ ಬೆರಳು ತೊಳೆದರೂ ಬಣ್ಣ ಹೋಗದಿದ್ದರೆ, ಅದೂ ಎಚ್ಚರಿಕೆಯ ಬಣ್ಣವೇ.

2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಬೀಜ, ಗೊಬ್ಬರ, ಕೀಟನಾಶಕದ ವಹಿವಾಟು ನಡೆಯುವ ನಮ್ಮಂಥ ಊರುಗಳು ಈ ಸಾವನ್ನು ಬೇರೆಯವರ ಸುದ್ದಿ ಎಂದು ಬದಿಗಿಡಲಾಗದು. ಔಷಧದ ಖಾಲಿ ಕ್ಯಾನು ತೊಳೆದು ನೀರು ತುಂಬುವುದು, ಎಣ್ಣೆ ತುಂಬುವುದು ಕೊಲೆಗೆ ಸಮ. ಆ ಕ್ಯಾನಿಗೆ ತೂತು ಹೊಡೆದು ಬಿಸಾಡಬೇಕು. ಫಿನಾಯಿಲು, ಇಲಿ ಪಾಷಾಣ, ಪಾತ್ರೆ ತೊಳೆಯುವ ಪುಡಿ ಯಾವುದೂ ಹಿಟ್ಟಿನ ಡಬ್ಬಿಯಿರುವ ಕಪಾಟಿನಲ್ಲಿ ಇರಕೂಡದು. ಇದಕ್ಕೆ ದುಡ್ಡು ಬೇಡ, ಗಮನ ಸಾಕು. ಆ ಗಮನ ಇಲ್ಲದ್ದಕ್ಕೇ ಅಲ್ಲಿ 23 ಮಕ್ಕಳು ಹೋದರು.

ಇನ್ನು ಮೆಣಸಿನಕಾಯಿಯ ಮಾತಿಗೇ ಬರೋಣ. ತೂಕ ಹೆಚ್ಚಲೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ಚಾಳಿ ಹಳೆಯದು. ಆ ತೇವದಲ್ಲಿ ಬೂಷ್ಟು ಹುಟ್ಟುತ್ತದೆ, ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಅದು ಕ್ಯಾನ್ಸರ್ ತರುವ ವಿಷ. ಹುರಿದರೂ ಕುದಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಕಾಯನ್ನು ಪುಡಿ ಮಾಡಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮಂಕಾದ ಬಣ್ಣವನ್ನು ಮುಚ್ಚಲು ಮತ್ತೊಂದು ಬಣ್ಣ ಬರುತ್ತದೆ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್-1 ಎಂಬ ಕೈಗಾರಿಕಾ ಬಣ್ಣ ಪತ್ತೆಯಾದಾಗ ಯುರೋಪು ಬಾಗಿಲು ಬಿಗಿ ಮಾಡಿತು, ಪರೀಕ್ಷೆಯ ಪ್ರಮಾಣಪತ್ರ ಇಲ್ಲದೆ ಚೀಲ ಒಳಗೆ ಬರಕೂಡದು ಎಂದಿತು. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ವಾಪಸು ಪಡೆದರು. ಒಂದು ಸಾಸಿಗೆ ಹಾಕಿದ್ದ ಮೆಣಸಿನ ಪುಡಿಯಲ್ಲಿ ಅದೇ ಸುಡಾನ್-1 ಇತ್ತು, ಆ ಸಾಸು ನೂರಾರು ತಿನಿಸುಗಳಿಗೆ ಸೇರಿತ್ತು.

ಅಂದಿನಿಂದ ಹೊರದೇಶಕ್ಕೆ ಹೋಗುವ ಚೀಲಕ್ಕೆ ಪ್ರಯೋಗಾಲಯವಿದೆ, ಯಂತ್ರವಿದೆ, ಸಹಿಯಿದೆ, ಮೊಹರಿದೆ. ನಮ್ಮ ಖಾನಾವಳಿಗೆ ಬರುವ ಪುಡಿಗೆ ಏನಿದೆ? ಯುರೋಪಿನವರ ಹೊಟ್ಟೆಗೆ ಒಂದು ಕಿಲೋಗೆ 10 ಮೈಕ್ರೋಗ್ರಾಮ್ ಅಫ್ಲಾಟಾಕ್ಸಿನ್ ದಾಟಬಾರದು ಎಂಬ ಲೆಕ್ಕ. ಬೆಳೆದವನ ಹೊಟ್ಟೆಗೆ ಲೆಕ್ಕ ಹಾಕುವವರು ಯಾರು? ಒಳ್ಳೆಯದು ಹಡಗು ಹತ್ತಲಿ, ಉಳಿದದ್ದು ಊರು ತಿನ್ನಲಿ ಎಂಬ ಈ ಎರಡು ನ್ಯಾಯವನ್ನು ನಾವು ಎಷ್ಟು ದಿನ ಸಹಿಸಬೇಕು?

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ನೆಲ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ದೊಡ್ಡವರಾರು ಎಂದು ಜಗಳ. ರಾಮ ಯಾರ ಕುಲವನ್ನೂ ನೋಡಿ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಉಳ್ಳವರ ಅಕ್ಕಿ ಕಂದುತ್ತದೆ, ಇಲ್ಲದವರ ರಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಬಡವರ ಅನ್ನಕ್ಕೂ ಪರೀಕ್ಷೆಯಾಗಬೇಕು, ಬಡವರ ಅನ್ನಕ್ಕೂ ಮಾನ ಸಿಗಬೇಕು ಎಂದು ಈ ನೆಲದ ಕವಿ ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದರು. ಇವತ್ತು ಪರೀಕ್ಷೆಯೂ ಇಲ್ಲ, ಮಾನವೂ ಇಲ್ಲ.

ಎಣ್ಣೆಯ ಕತೆ ಇದಕ್ಕಿಂತ ಬೇರೆಯಲ್ಲ. ಗಿರ್ಮಿಟ್ಟಿನ ಜೊತೆ ಮಿರ್ಚಿ ಇಲ್ಲದ ಸಂಜೆ ನಮ್ಮ ಸೀಮೆಯಲ್ಲಿ ಸಂಜೆಯೇ ಅಲ್ಲ. ಆ ಮಿರ್ಚಿ ಕರಿದ ಬಾಣಲೆಯ ಎಣ್ಣೆ ಎಷ್ಟು ದಿನದ್ದು? ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಒಡೆದು ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂಬ ಕೆಟ್ಟ ಅಂಶಗಳು ಹುಟ್ಟುತ್ತವೆ. ಅವು ಶೇ 25 ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಈ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕದ ಪುಸ್ತಕ ಇಡಬೇಕು, ಕೆಟ್ಟ ಎಣ್ಣೆಯನ್ನು ಬಯೋಡೀಸೆಲ್ ಮಾಡುವ ಅಧಿಕೃತ ಸಂಗ್ರಾಹಕರಿಗೇ ಕೊಡಬೇಕು. ಅದನ್ನು ಕೊಡದೆ ಚಿಕ್ಕ ಗಾಡಿಯವನಿಗೆ ಅಗ್ಗಕ್ಕೆ ಮಾರುವ ದೊಡ್ಡ ಅಡುಗೆಮನೆಯೇ ನಿಜವಾದ ಅಪರಾಧಿ. ಅಂಥ ಎಣ್ಣೆಯನ್ನು ಗುರುತಿಸಲು ಯಂತ್ರವೇ ಬೇಕೆಂದಿಲ್ಲ. ಕಪ್ಪಾಗಿರುತ್ತದೆ, ಮಂದವಾಗಿರುತ್ತದೆ, ಬಜ್ಜಿ ಬಿಟ್ಟಾಗ ನೊರೆ ಇಳಿಯುವುದಿಲ್ಲ, ಸಣ್ಣ ಉರಿಗೇ ಹೊಗೆಯೇಳುತ್ತದೆ, ಘಾಟು ಗಂಟಲು ಹಿಡಿಯುತ್ತದೆ. ಕರಿದ ಮೇಲೆ ಸೋಸಿ, ಹಳೆಯದಕ್ಕೆ ಹೊಸದನ್ನು ಸುರಿಯದೆ, ಕೆಟ್ಟದ್ದನ್ನು ಬೇರೆ ಡಬ್ಬಿಗೆ ಹಾಕಿ ಕೊಟ್ಟುಬಿಡುವುದು ಅಷ್ಟು ಕಷ್ಟವೇ? ಅದನ್ನು ಕೊಂಡೊಯ್ಯುವ ಗಾಡಿ ಪ್ರತಿ ವಾರ ರಾಣೆಬೆನ್ನೂರಿಗೆ, ಹಾವೇರಿಗೆ, ಬ್ಯಾಡಗಿಗೆ ಬರುವಂತೆ ಮಾಡುವುದು ಆಡಳಿತಕ್ಕೆ ಕಷ್ಟವೇ?

ಕಣ್ಣಿಗೆ ಕಾಣುವ ಬಣ್ಣ, ಮೂಗಿಗೆ ಬಡಿಯುವ ಎಣ್ಣೆ ಹೇಗೋ ಸಿಕ್ಕಿಬೀಳುತ್ತವೆ. ಕಾಣದ, ನಾರದ ಅಪಾಯ ಅನ್ನದ ಪಾತ್ರೆಯಲ್ಲಿದೆ. ಬೆಳಗ್ಗೆ ಬೇಯಿಸಿದ ಅನ್ನ ಮಧ್ಯಾಹ್ನವಿಡೀ ತಗಡಿನ ಚಾವಣಿಯ ಕೆಳಗೆ ಉಗುರುಬೆಚ್ಚಗೆ ಕೂತು, ಸಂಜೆ ಎಗ್ ರೈಸೋ ಗೋಬಿ ರೈಸೋ ಆಗಿ ತಟ್ಟೆಗೆ ಬರುತ್ತದೆ. ಅಕ್ಕಿಯಲ್ಲಿ ಬೆಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳಿರುತ್ತವೆ. ಕುದಿ ನೀರಿಗೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತು ಅವು ಮೊಳೆತು ವಿಷ ಕಾರುತ್ತವೆ. ಆ ವಿಷ ಮತ್ತೆ ಬಾಣಲೆಯಲ್ಲಿ ಹುರಿದರೂ ಹೋಗುವುದಿಲ್ಲ. ‘ಚೆನ್ನಾಗಿ ಬಿಸಿ ಮಾಡಿದ್ದೇವಲ್ಲ’ ಎಂಬ ಸಮಾಧಾನ ಇಲ್ಲಿ ಸುಳ್ಳು. ಅಡುಗೆ ಒಂದೋ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗೆ ತಣ್ಣಗಿರಬೇಕು. ನಡುವಿನದೆಲ್ಲ ಅಪಾಯದ ವಲಯ. ಬೇಸಿಗೆಯಲ್ಲಿ 35 ದಾಟುವ ನಮ್ಮ ಬಿಸಿಲಿನಲ್ಲಿ ಹೊರಗಿಟ್ಟ ಯಾವ ಪಾತ್ರೆಯೂ ಆ ವಲಯದಿಂದ ಹೊರಗಿಲ್ಲ. ಪರಿಹಾರ ಸರಳ: ಕಡಿಮೆ ಬೇಯಿಸಿ, ಮತ್ತೆ ಮತ್ತೆ ಬೇಯಿಸಿ. ಉಳಿಸಲೇಬೇಕಾದರೆ ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿ. ಕಾಯಿ ಚಟ್ನಿಯನ್ನು ಬೆಳಗ್ಗೆಯಿಂದ ರಾತ್ರಿಯವರೆಗೆ ಒಂದೇ ಬಕೆಟಿನಲ್ಲಿ ಎಳೆಯಬೇಡಿ. ಹಸಿ ಕೋಳಿ ಕತ್ತರಿಸಿದ ಹಲಗೆಯ ಮೇಲೆ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ. ಹಲಗೆ ಎರಡಿರಲಿ, ಚಾಕು ಎರಡಿರಲಿ.

ಇಷ್ಟು ಹೇಳಿ ಬಡ ಗಾಡಿಯವನ ಮೇಲೆ ಬೆರಳು ತೋರಿಸಿ ಮನೆಗೆ ಹೋಗುವುದು ಸುಲಭ. ನಮ್ಮ ಅಧಿಕಾರಿಗಳು ಮಾಡುವುದೂ ಅಷ್ಟೇ. ಒಂದು ಬಕೆಟ್ ನೀರಿನಲ್ಲಿ ರಾತ್ರಿಯವರೆಗೆ ತಟ್ಟೆ ಅದ್ದಿ ತೆಗೆಯುವವನು ಹುಟ್ಟಿನಿಂದಲೇ ಕೊಳಕನೇ? ಅವನ ಗಾಡಿಯ ಬಳಿ ನಲ್ಲಿ ಇಲ್ಲ, ಮೋರಿಗೆ ಮುಚ್ಚಳ ಇಲ್ಲ, ಕೈ ತೊಳೆಯುವ ಜಾಗ ಇಲ್ಲ, ಶೌಚಾಲಯ ಇಲ್ಲ. ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ವ್ಯಾಪಾರ ವಲಯ ಗುರುತಿಸಿ, ಅಲ್ಲಿ ಬೇಕಾದ ಸೌಲಭ್ಯ ಕೊಡುವ ಹೊಣೆಯನ್ನು ಅದು ಸ್ಥಳೀಯ ಆಡಳಿತದ ಮೇಲೆ ಹೊರಿಸಿದೆ. ಪಕ್ಕದಲ್ಲೇ ತುಂಗಭದ್ರೆ ಹರಿಯುವ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಒಂದು ತಿಂಡಿ ಸಾಲಿಗೆ ನಾಲ್ಕು ನಲ್ಲಿ ಕೊಡಲಾಗದ ನಗರಸಭೆಗೆ ಗಾಡಿ ಎತ್ತಿಕೊಂಡು ಹೋಗುವ ನೈತಿಕ ಹಕ್ಕು ಎಲ್ಲಿಂದ ಬಂತು?

ಹೆದ್ದಾರಿ ಬದಿಯ ದೊಡ್ಡ ಹೋಟೆಲುಗಳಿಗೆ, ಕಲ್ಯಾಣಮಂಟಪಗಳಿಗೆ ಆ ನೆಪವೂ ಇಲ್ಲ. ಮುಂದೆ ಗಾಜು, ದೀಪ, ಎಸಿ. ಹಿಂದೆ ಹೊಗೆ ಹಿಡಿದ ಗೋಡೆ, ನೀರು ನಿಂತ ನೆಲ, ಮುಚ್ಚಳವಿಲ್ಲದ ಹಿಟ್ಟಿನ ಡ್ರಮ್ಮು. ಅಲ್ಲಿ ಅಡುಗೆ ಕೆಲಸದವನಿಗೆ ಜ್ವರ ಬಂದರೆ ರಜೆ ಇಲ್ಲ, ರಜೆ ಹಾಕಿದರೆ ಕೂಲಿ ಇಲ್ಲ. ಭೇದಿಯಾಗುತ್ತಿದ್ದರೂ ಅವನು ಒಲೆಯ ಮುಂದೆ ನಿಲ್ಲುತ್ತಾನೆ, ಬೆರಳಿನ ಗಾಯಕ್ಕೆ ಬಟ್ಟೆ ಸುತ್ತಿಕೊಂಡೇ ಹಿಟ್ಟು ನಾದುತ್ತಾನೆ. ಆ ಗಾಯದ ಸೂಕ್ಷ್ಮಾಣು ಸ್ಟ್ಯಾಫೈಲೊಕಾಕಸ್ ಅನ್ನಕ್ಕಿಳಿದು ಕಾರುವ ವಿಷವೂ ಬಿಸಿಗೆ ಬಗ್ಗದು. ಅಡುಗೆ ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯಿಡ್‌ನಂಥ ಕಾಯಿಲೆಗೆ ಲಸಿಕೆ ಹಾಕಿಸಬೇಕು ಎಂದು ನಿಯಮ ಹೇಳುತ್ತದೆ. ಎಷ್ಟು ಮಾಲೀಕರು ಮಾಡಿಸಿದ್ದಾರೆ? ಕಾಯಿಲೆಯ ದಿನಕ್ಕೆ ಕೂಲಿ ಕೊಟ್ಟು ಮನೆಗೆ ಕಳಿಸುವುದು ದಾನವಲ್ಲ. ಅದು ಗ್ರಾಹಕನ ಜೀವಕ್ಕೆ ಮಾಲೀಕ ಕಟ್ಟುವ ಕಾವಲು.

ಕಾನೂನಿಗೆ ಬರವಿಲ್ಲ. ಆಹಾರ ಸುರಕ್ಷತಾ ಕಾಯ್ದೆ 2006ರದು, ದೇಶದಲ್ಲಿ ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಸಣ್ಣ ವ್ಯಾಪಾರಿಗೂ ಅದರಲ್ಲಿ ನೋಂದಣಿಯ ದಾರಿಯಿದೆ. ಕೊರತೆ ಕಂಡರೆ ಅಧಿಕಾರಿ ಸುಧಾರಣಾ ನೋಟಿಸು ಕೊಡಬಹುದು. ಏನು ತಪ್ಪು, ಹೇಗೆ ಸರಿಪಡಿಸಬೇಕು, ಎಷ್ಟು ದಿನದೊಳಗೆ ಎಂದು ಅದರಲ್ಲೇ ಬರೆಯಬೇಕು. ಮುಚ್ಚಿಸುವ ಮೊದಲು ತಿದ್ದುವ ದಾರಿಯನ್ನು ಕಾನೂನೇ ತೋರಿಸಿದೆ. ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕನಿಗೂ ಇದೆ. ಈ ಹಕ್ಕಿನ ಬಗ್ಗೆ ಯಾವ ಬಸ್ ನಿಲ್ದಾಣದ ಗೋಡೆಯ ಮೇಲಾದರೂ ಆಡಳಿತ ಕನ್ನಡದಲ್ಲಿ ಬರೆಸಿದೆಯೇ?

ಬದಲಿಗೆ ನಮಗೆ ಸಿಗುವುದು ಒಂದೊಂದು ಋತುವಿಗೆ ಒಂದೊಂದು ನಿಷೇಧ. 2024ರ ಮಾರ್ಚ್‌ನಲ್ಲಿ ಗೋಬಿ. 2024ರ ಜೂನ್‌ನಲ್ಲಿ ಕಬಾಬ್: 39 ಮಾದರಿಗಳಲ್ಲಿ 8 ಕೆಟ್ಟಿದ್ದವು, ಬಣ್ಣ ನಿಷೇಧವಾಯಿತು. 2025ರ ಫೆಬ್ರವರಿಯಲ್ಲಿ ಇಡ್ಲಿ: ರಾಜ್ಯದಲ್ಲಿ ಸುಮಾರು 250 ಕಡೆ ನೋಡಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯುತ್ತಿತ್ತು. ಸುದ್ದಿ ಬಂದ ವಾರ ದಾಳಿ, ಫೋಟೊ, ದಂಡ. ಮುಂದಿನ ವಾರ ಮೌನ. ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು ಎಂಬ ನಿಯಮ 2018ರದು. ಅಚ್ಚಿನ ಶಾಯಿ ಮೆತ್ತಿದ ಮಿರ್ಚಿ ಇವತ್ತಿಗೂ ಕೈಗೆ ಬರುತ್ತಿದೆ.

ಹಾಗಾದರೆ ಏನಾಗಬೇಕು? ಬ್ಯಾಡಗಿಯ ಎಪಿಎಂಸಿ ಮತ್ತು ರೈತರ ಸಂಘಗಳು ಸೇರಿ ಪರೀಕ್ಷೆ ಮಾಡಿಸಿದ ಮೆಣಸಿನ ಪುಡಿಯ ಸಣ್ಣ ಪೊಟ್ಟಣವನ್ನು ಗಾಡಿಗಳಿಗೆ, ಖಾನಾವಳಿಗಳಿಗೆ ನೇರ ಮಾರಲಿ. ಬಣ್ಣ ಬೇಕೆಂದರೆ ಬಣ್ಣವೂ ಸಿಗುತ್ತದೆ, ರೈತನಿಗೆ ಬೆಲೆಯೂ ಸಿಗುತ್ತದೆ. ಕಾಯಿ ನೆಲದ ಮೇಲೆ ಒಣಗದಂತೆ ಕಟ್ಟೆ, ಚಾವಣಿ ಕಟ್ಟಿಸಿ, ನೀರು ಚಿಮುಕಿಸಿದ ಚೀಲವನ್ನು ಹರಾಜಿನಿಂದಲೇ ಹೊರಗಿಡಲಿ. ಆಹಾರ ಸುರಕ್ಷತಾ ಇಲಾಖೆ ಪ್ರತಿ ತಿಂಗಳು ಜಿಲ್ಲೆಯಲ್ಲಿ ತೆಗೆದ ಮಾದರಿಗಳ ಫಲಿತಾಂಶವನ್ನು ಹೋಟೆಲಿನ ಹೆಸರಿನ ಸಮೇತ ನಗರಸಭೆಯ ಫಲಕಕ್ಕೆ ಅಂಟಿಸಲಿ. ಗಾಡಿಯವನಿಗೆ ಲಾಠಿ ತೋರಿಸುವ ಮೊದಲು ತರಬೇತಿ ಕೊಡಲಿ. ಬಣ್ಣದ ಡಬ್ಬಿ ಮಾರಿದ ಸಗಟು ಅಂಗಡಿಯ ಬಾಗಿಲಿಗೆ ಮೊದಲು ಹೋಗಲಿ.

ಉಣ್ಣುವ ನಾವೂ ಬಾಯಿ ಮುಚ್ಚಿಕೊಂಡು ಕೂರುವಂತಿಲ್ಲ. ಕೆಂಪಾಗಿದ್ದರೇ ರುಚಿ ಎಂದು ಕೇಳುವ ನಾಲಗೆಯೇ ಬಣ್ಣವನ್ನು ಕರೆಯುತ್ತದೆ. ‘ಬಣ್ಣ ಬೇಡ’ ಎಂದು ಗಟ್ಟಿಯಾಗಿ ಹೇಳಿ, ಪತ್ರಿಕೆಯ ಪೊಟ್ಟಣ ವಾಪಸು ಕೊಡಿ, ಅಡುಗೆಮನೆ ತೋರಿಸಿ ಎಂದು ಕೇಳಿ. ಮನೆಯ ಮೆಣಸಿನ ಪುಡಿಯನ್ನು ಒಂದು ಲೋಟ ನೀರಿನ ಮೇಲೆ ಉದುರಿಸಿ ನೋಡಿ: ಬಣ್ಣದ ಗೆರೆಗಳು ಕೆಳಕ್ಕಿಳಿದರೆ ಕಲಬೆರಕೆ. ಎಣ್ಣೆಯಲ್ಲಿ ಕರಗುವ ಸುಡಾನ್ ಈ ಲೋಟದಲ್ಲಿ ಸಿಗುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಆ ಪ್ರಯೋಗಾಲಯ ಜಿಲ್ಲೆಯೊಳಗೇ, ಜನರ ಕೈಗೆಟುಕುವ ಶುಲ್ಕಕ್ಕೆ ಬೇಕೆಂದು ಪಟ್ಟು ಹಿಡಿಯುವುದು ನಮ್ಮ ಕೆಲಸ.

ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಯ ಆಡಳಿತಕ್ಕೆ ಕೊನೆಯ ಮಾತು. ಮೊದಲು ನಲ್ಲಿ ಹಾಕಿ, ಮೋರಿ ಮುಚ್ಚಿ, ತರಬೇತಿ ಕೊಡಿ. ಆಮೇಲೂ ವಿಷ ಹಾಕಿದವನಿಗೆ ದಂಡ ಹಾಕಿ, ಅವನು ಗಾಡಿಯವನಾಗಲಿ ಹೆದ್ದಾರಿ ಹೋಟೆಲಿನ ಮಾಲೀಕನಾಗಲಿ. ನಲ್ಲಿ ಹಾಕದೆ ದಂಡ ಹಾಕಿದರೆ ಅದು ದಬ್ಬಾಳಿಕೆ. ನಲ್ಲಿ ಹಾಕಿಯೂ ದಂಡ ಹಾಕದಿದ್ದರೆ ಅದು ಶಾಮೀಲು. ಈ ಎರಡೂ ನಮಗೆ ಬೇಡ.